ಮೇಷ್ಟ್ರು ಅಲ್ಲಿ, ಮಕ್ಕಳು ಇಲ್ಲಿ

ಹೋದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವಳು, ಈಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳಿಗೆ ಸ್ಫಟಿಕಶಾಸ್ತ್ರವನ್ನು ವಿಶೇಷ ವಿಷಯವಾಗಿ ಓದುವಾಸೆ. ಆದರೆ ಅವಳ ವಿಭಾಗದಲ್ಲಿ ಅದನ್ನು ಕೇಳಿದವರು ನಾಲ್ಕೇ ಮಂದಿ. ನಾಲ್ವರಿಗಾಗಿ ಒಬ್ಬ ಅಧ್ಯಾಪಕರನ್ನು ತರಲಾಗದು ಎಂದರಂತೆ. ಅದರ ಬದಲು ಬೇರೊಂದು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ವಿಡಿಯೊ ಕಾನ್ಫರೆನ್ಸ್ ಮೂಲಕ ನಾಲ್ಕೈದು ಊರಿನ ವಿದ್ಯಾರ್ಥಿಗಳಿಗೆ ಒಟ್ಟಿಗೆ ಪಾಠ ಮಾಡುತ್ತಾರೆ, ಬೇಕಾದವರು ಸೇರಬಹುದು ಎಂದಿದ್ದಾರೆ. ಸೇರಬೇಕೋ, ಎಲ್ಲರೂ ತೆಗೆದುಕೊಳ್ಳುವ ವಿಷಯಕ್ಕೇ ಒಪ್ಪಿಕೊಳ್ಳಬೇಕೋ?

ಹುಡುಗಿ ಬಾಯಿ ಬಿಡುವ ಮೊದಲೇ ತಾಯಿ ಕೇಳಿದರು: “ಟೀವಿ ನೋಡ್ಕಂಡು ಎಂ.ಎಸ್ಸಿ. ಆಗುತ್ತಾ ಮೇಷ್ಟ್ರೇ? ಕೊರೊನಾ ಟೈಮಲ್ಲಿ ಇವಳ ತಮ್ಮ ಮೊಬೈಲ್ ಪಾಠ ಅಂತ ಕೂತಿದ್ದ. ಏನ್ ಕಲಿತ ಅನ್ನೋದು ನನಗೆ ಗೊತ್ತು.”

ತಳ್ಳಿಹಾಕುವ ಪ್ರಶ್ನೆಯಲ್ಲ. ಎಷ್ಟೋ ಪೋಷಕರ ಮನಸ್ಸಿನಲ್ಲಿ ಇದೇ ಇದೆ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ.

ದೂರದ ಮೇಷ್ಟ್ರು ನಮ್ಮ ರಾಜ್ಯಕ್ಕೆ ಹೊಸಬರಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ಪಾಠಗಳು ಬಂದವು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಆದರೆ ಅದು ಒಮ್ಮುಖ ರಸ್ತೆ. ಅವರು ಹೇಳುವುದು, ನಾವು ಕೇಳುವುದು, ಅಷ್ಟೆ.

ಎರಡು ಕಡೆಯಿಂದಲೂ ಮಾತು ಹರಿಯುವ ಏರ್ಪಾಡು ದೊಡ್ಡ ಪ್ರಮಾಣದಲ್ಲಿ ಬಂದದ್ದು 2004ರ ಸುಮಾರಿಗೆ. ಆ ವರ್ಷ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟಾದಿಂದ ‘ಎಡುಸ್ಯಾಟ್’ ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ ಅದು. ಅದಕ್ಕಿಂತ ಮೊದಲೇ ಇನ್ಸಾಟ್-3ಬಿ ಉಪಗ್ರಹವನ್ನು ಬಳಸಿ ಪ್ರಯೋಗ ನಡೆಸಲು ಆಯ್ಕೆಯಾದ ಮೂರು ವಿಶ್ವವಿದ್ಯಾನಿಲಯಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಒಂದು ಸ್ಟುಡಿಯೊದಲ್ಲಿ ಒಬ್ಬ ನುರಿತ ಅಧ್ಯಾಪಕರು ನಿಂತು ಮಾಡಿದ ಪಾಠ ರಾಜ್ಯದ ಬೇರೆ ಬೇರೆ ಎಂಜಿನಿಯರಿಂಗ್ ಕಾಲೇಜುಗಳನ್ನು ತಲುಪುತ್ತಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ವಿಜ್ಞಾನದ ಮೇಷ್ಟ್ರಾಗಿ ಹೇಳದೆ ಬಿಡಲಾರೆ. ಇಂಥ ಉಪಗ್ರಹ ಇರುವುದು ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಸ್ಟುಡಿಯೊದ ಮಾತು ಅಲ್ಲಿಗೆ ಹತ್ತಿ ಇಳಿಯಬೇಕು, ಒಟ್ಟು 72,000 ಕಿ.ಮೀ. ರೇಡಿಯೊ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿ ನೋಡಿ, ಸುಮಾರು ಕಾಲು ಸೆಕೆಂಡು. ವಿದ್ಯಾರ್ಥಿ ಕೇಳಿದ ಪ್ರಶ್ನೆ ಹೋಗಲು ಕಾಲು, ಉತ್ತರ ಬರಲು ಇನ್ನೊಂದು ಕಾಲು. ಈ ಅರ್ಧ ಸೆಕೆಂಡಿನ ಮೌನದಲ್ಲಿ ಹುಡುಗ ‘ಸಾರ್‌ಗೆ ಕೇಳಿಸಲಿಲ್ಲವೇನೋ’ ಎಂದು ಮತ್ತೆ ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಸಾರ್ ಉತ್ತರ ಶುರುಮಾಡಿರುತ್ತಾರೆ. ಎರಡು ಮಾತೂ ಡಿಕ್ಕಿ ಹೊಡೆಯುತ್ತವೆ. ಇಬ್ಬರೂ ಒಮ್ಮೆಲೇ ನಿಲ್ಲಿಸುತ್ತಾರೆ. ನಾಚಿಕೆ ಸ್ವಭಾವದ ಹುಡುಗನಾದರೆ ಅಲ್ಲಿಗೆ ಮುಗಿಯಿತು, ಮತ್ತೆ ಕೇಳುವುದಿಲ್ಲ. ಜೋರು ಮಳೆಯ ಕಾಟ ಬೇರೆ. ಆ ಉಪಗ್ರಹ ಬಳಸುತ್ತಿದ್ದ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅಷ್ಟು ಗಿಡ್ಡ ಅಲೆಗಳನ್ನು ದಪ್ಪ ಮಳೆಹನಿಗಳು ನುಂಗಿ, ಚದುರಿಸಿಬಿಡುತ್ತವೆ.

ಎಡುಸ್ಯಾಟ್ 2010ರಲ್ಲಿ ಸೇವೆ ಮುಗಿಸಿತು. ಈಗ ಪಾಠ ಬರುವುದು ಹೆಚ್ಚಾಗಿ ನೆಲದಡಿಯ ಗಾಜಿನ ಎಳೆಗಳಲ್ಲಿ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 500 ಕಿ.ಮೀ. ದೂರವಾದರೂ ಎರಡೂವರೆ ಮಿಲಿಸೆಕೆಂಡು ಸಾಕು. ಕಂಪ್ಯೂಟರುಗಳು ಚಿತ್ರವನ್ನು ಮಡಚಿ ಬಿಡಿಸಲು ಇನ್ನಷ್ಟು ಹೊತ್ತು ತೆಗೆದುಕೊಂಡರೂ ದಾರಿ ಹತ್ತಿರವಾಗಿದೆ.

ಇನ್ನು ಮಾನ್ಯತೆಯ ಮಾತು. 2003ರಲ್ಲಿ ಏಳು ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ‘ಎನ್‌ಪಿಟಿಇಎಲ್’ ಆರಂಭಿಸಿದವು. ಅದರ ಪಾಠಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ‘ಸ್ವಯಂ’ ತಾಣದ ಮೂಲಕ ಕಲಿತ ವಿಷಯಗಳ ಅಂಕವನ್ನು ಪದವಿಗೆ ಸೇರಿಸಿಕೊಳ್ಳಲು ಯುಜಿಸಿ 2016ರಲ್ಲೇ ನಿಯಮ ಮಾಡಿತು. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇಕಡ 20ರಷ್ಟಿದ್ದ ಮಿತಿಯನ್ನು 2021ರಲ್ಲಿ 40ಕ್ಕೆ ಏರಿಸಿತು. ಆದರೆ ಇವಳು ಸೇರಲಿರುವುದು ಸ್ವಯಂ ಪಾಠವಲ್ಲ, ಎರಡು ವಿಶ್ವವಿದ್ಯಾನಿಲಯಗಳ ನಡುವಿನ ಒಪ್ಪಂದ. ಹಾಗಾಗಿ ಈ ಅಂಕ ತನ್ನ ಅಂಕಪಟ್ಟಿಯಲ್ಲಿ ಬರುತ್ತದೆಯೇ ಎಂಬುದನ್ನು ಮೊದಲು ಬರಹದಲ್ಲಿ ಕೇಳಿ ಪಡೆ ಎಂದೆ. ಬಾಯಿಮಾತಿಗೆ ಸೆಮಿಸ್ಟರ್ ಕೊನೆಯಲ್ಲಿ ಬೆಲೆಯಿರುವುದಿಲ್ಲ.

ಮತ್ತೆರಡು ಸಂಗತಿ ವಿಚಾರಿಸಲು ಹೇಳಿದೆ. ನಿನ್ನ ಕೋಣೆಯಲ್ಲಿ ಮೈಕ್ ಇದೆಯೇ, ಅಥವಾ ಪರದೆ ಮಾತ್ರವೇ? ಮೈಕ್ ಇಲ್ಲದಿದ್ದರೆ ಅದು ತರಗತಿಯಲ್ಲ, ಸಿನಿಮಾ. ಅದಕ್ಕೆ ನಿಗದಿತ ಹೊತ್ತಿಗೆ ಹೋಗಿ ಕೂರಬೇಕಾಗಿಯೇ ಇಲ್ಲ, ಎನ್‌ಪಿಟಿಇಎಲ್ ಪಾಠವನ್ನು ಮನೆಯಲ್ಲೇ ನೋಡಬಹುದು. ಎರಡನೆಯದು, ಆ ಹೊತ್ತಿನಲ್ಲಿ ನಿಮ್ಮ ಜೊತೆ ಸ್ಥಳೀಯ ಅಧ್ಯಾಪಕರೊಬ್ಬರು ಕುಳಿತಿರುತ್ತಾರೆಯೇ? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ದೂರದ ಪ್ರಾಧ್ಯಾಪಕರಿಗೆ ಐವತ್ತು ಮುಖಗಳು ಪರದೆಯ ಮೇಲೆ ಸಾಸಿವೆ ಕಾಳಿನಂತೆ ಕಾಣುತ್ತವೆ. ಯಾರ ಹುಬ್ಬು ಗಂಟಿಕ್ಕಿದೆ, ಯಾರು ಬರೆಯುವುದನ್ನು ನಿಲ್ಲಿಸಿದರು ಎಂಬುದು ಅವರಿಗೆ ತಿಳಿಯದು. ಅದನ್ನು ನೋಡಿ, “ಸಾರ್, ಆ ಹೆಜ್ಜೆ ಇನ್ನೊಮ್ಮೆ” ಎಂದು ಮೈಕಿನಲ್ಲಿ ಕೇಳುವವರೊಬ್ಬರು ಈ ಬದಿಯಲ್ಲಿರಬೇಕು. ಅವರಿಗೆ ಸ್ಫಟಿಕಶಾಸ್ತ್ರ ಪೂರ್ತಿ ಬರಬೇಕೆಂದಿಲ್ಲ, ಮಕ್ಕಳ ಮುಖ ಓದಲು ಬಂದರೆ ಸಾಕು. ಆ ತಮ್ಮನಿಗೆ ಕೊರೊನಾ ಕಾಲದಲ್ಲಿ ಮೊಬೈಲ್ ಇತ್ತು. ಪಕ್ಕದಲ್ಲಿ ಅಂಥವರು ಇರಲಿಲ್ಲ.

ಪರದೆಗೆ ಆಗದ ಕೆಲಸವೂ ಉಂಟು. ಸ್ಫಟಿಕವೆಂದರೆ ಉದ್ದ, ಅಗಲ, ಎತ್ತರ ಮೂರೂ ಇರುವ ವಸ್ತು. ಕೈಯಲ್ಲಿ ತಿರುಗಿಸಿ ನೋಡದೆ ಅದರ ಸಮ್ಮಿತಿ ತಲೆಗೆ ಹತ್ತುವುದಿಲ್ಲ. ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪು ತಂದು ಮೇಜಿನ ಮೇಲೆ ಸುರಿದೆ. ಭೂತಗನ್ನಡಿಯಲ್ಲಿ ಹುಡುಕಿದರೆ ಅಂಚು ಸವೆಯದ ಹರಳುಗಳಲ್ಲಿ ಚೌಕ ಮುಖಗಳು, ನೇರ ಮೂಲೆಗಳು ಕಾಣುತ್ತವೆ. ಒಳಗೆ ಸೋಡಿಯಂ, ಕ್ಲೋರಿನ್ ಅಯಾನುಗಳು ಘನಾಕಾರದ ಜಾಲವಾಗಿ ಕೂತದ್ದರ ಗುರುತು ಅದು. ನೆನೆಸಿದ ಕಡಲೆಕಾಳು, ಪೊರಕೆಕಡ್ಡಿ ಇದ್ದರೆ ಆ ಜಾಲವನ್ನು ಮನೆಯಲ್ಲೇ ಕಟ್ಟಬಹುದು. ತಾಯಿಯೂ ಭೂತಗನ್ನಡಿ ಇಸಿದುಕೊಂಡು ನೋಡಿದರು. “ನಾವು ಸಾರಿಗೆ ಹಾಕೋದು ಇದನ್ನೇನಾ?” ಎಂದರು.

ಹೊರಡುವಾಗ ಮತ್ತೆ ನಿಂತು, “ಆ ಹೊತ್ತಲ್ಲಿ ಕರೆಂಟ್ ಇರುತ್ತಾ ಅಂತಾನೂ ಕೇಳ್ಕೊಳೇ” ಎಂದು ಮಗಳಿಗೆ ಹೇಳಿದರು. ಮಗ್ಗ ನಡೆಸುವವರಿಗೆ ಮೊದಲು ಹೊಳೆಯುವುದೇ ಅದು, ನನಗೆ ಹೊಳೆದಿರಲಿಲ್ಲ. ಹುಡುಗಿ ಕೇಳಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಕಲ್ಲುಪ್ಪನ್ನು ಅದೇ ಚೀಟಿಯಲ್ಲಿ ಪೊಟ್ಟಣ ಕಟ್ಟಿಕೊಂಡು ಹೋದಳು.