ಹಳೆಯ ಮರದ ಗೊಂಬೆ: ಉಜ್ಜಿ ಬಣ್ಣ ಹೊಡೆದರೆ ಹೊಸದಾಗುತ್ತದೆಯೇ?

ಹಬ್ಬ ಹತ್ತಿರ ಬಂದು ಮನೆ ಸ್ವಚ್ಛ ಮಾಡುವ ದಿನಗಳಲ್ಲಿ ಮೊಬೈಲ್‌ಗೆ ಒಂದು ಬಗೆಯ ಸಂದೇಶ, ವಿಡಿಯೊಗಳು ಬರುತ್ತಲೇ ಇರುತ್ತವೆ. ಹಳೆಯ ಮರದ ಸಾಮಾನನ್ನು ಸೋಪಿನ ನೀರಲ್ಲಿ ತೊಳೆಯಿರಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಎನಾಮೆಲ್ ಪೇಂಟ್ ಹಚ್ಚಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿ, ಫಳಫಳ ಹೊಳೆಯುತ್ತದೆ ಎನ್ನುತ್ತವೆ. ಸಾದಾ ಸ್ಟೂಲು, ಬೆಂಚಿಗೆ ಇದರಲ್ಲಿ ಕೆಲವು ನಡೆದೀತು. ಆದರೆ ಅಟ್ಟದಿಂದ ಇಳಿಸಿದ್ದು ಅಜ್ಜಿಯ ಕಾಲದ ಬಣ್ಣದ ಗೊಂಬೆಯಾಗಿದ್ದರೆ? ಆಗ ಈ ಸಲಹೆ ಗೊಂಬೆಯನ್ನೂ ಕೆಡಿಸುತ್ತದೆ, ಮನೆಯ ಮಕ್ಕಳ ಆರೋಗ್ಯಕ್ಕೂ ಅಪಾಯ ತರುತ್ತದೆ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಗೊಂಬೆಯ ಒಳಗೆ ಏನಿದೆ?

ಇಳಕಲ್‌ನಿಂದ ಕುಷ್ಟಗಿ ದಾಟಿ ಮುಂದೆ ಹೋದರೆ ಕೊಪ್ಪಳ ತಾಲ್ಲೂಕಿನ ಕಿನ್ನಾಳ ಸಿಗುತ್ತದೆ. ಅಲ್ಲಿನ ಚಿತ್ರಗಾರರು ತಲೆಮಾರುಗಳಿಂದ ಮರದ ಗೊಂಬೆ, ದೇವರ ಮೂರ್ತಿ, ಹಕ್ಕಿ, ಪ್ರಾಣಿಗಳನ್ನು ಮಾಡುತ್ತ ಬಂದಿದ್ದಾರೆ. ಈ ಕಲೆಗೆ ಭೌಗೋಳಿಕ ಸೂಚಕ ಅಂದರೆ ಜಿಐ ಮಾನ್ಯತೆಯೂ ಇದೆ.

ಹೊರಗಿನಿಂದ ನೋಡಿದರೆ ಮರಕ್ಕೆ ಬಣ್ಣ ಬಳಿದಂತೆ ಕಾಣುತ್ತದೆ. ಆದರೆ ಸಾಂಪ್ರದಾಯಿಕ ಕಿನ್ನಾಳ ಗೊಂಬೆ ಹಲವು ಪದರಗಳ ಕೆಲಸ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಗರುಡನಂಥ ಮೂರ್ತಿಯಲ್ಲಿ ಇಂಥ 12 ತುಂಡುಗಳಿರುತ್ತವೆ. ಮೇಲೆ ಸೆಣಬಿನ ಚೂರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ‘ಕಿಟ್ಟ’ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಣುಕು, ಆಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಬರುವುದು ಕಟ್ಟಕಡೆಗೆ.

ನೀರು, ಎಣ್ಣೆ, ಸಿಮೆಂಟ್ ಯಾಕೆ ಬೇಡ?

ನೂಲಿಗೆ ಗಂಜಿ ಹಾಕುವುದನ್ನು ಕಂಡ ಇಳಕಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಜಿ ಒಣಗಿದರೆ ಬಿಗಿಯುತ್ತದೆ, ನೀರು ತಾಕಿದರೆ ಮೆತ್ತಗಾಗುತ್ತದೆ. ಹುಣಸೆಬೀಜದ ಅಂಟಿನ ಗುಣವೂ ಅದೇ. ಹಸಿ ಬಟ್ಟೆಯಿಂದ ತಿಕ್ಕಿದರೆ ಬಿರುಕಿನ ಮೂಲಕ ನೀರು ಒಳಗಿಳಿದು ಪದರ ಉಬ್ಬುತ್ತದೆ. ಆಮೇಲೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಕೊಬ್ಬರಿ ಎಣ್ಣೆ ಸವರಿದ ದಿನ ಹೊಳಪು ಬರುವುದು ನಿಜ. ಆದರೆ ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ಅಂಟಂಟಾಗಿ ಉಳಿದು ಧೂಳು ಹಿಡಿದುಕೊಳ್ಳುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಮತ್ತೆ ತೆಗೆಯುವುದೂ ಕಷ್ಟ.

ಬಿರುಕಿಗೆ ವೈಟ್ ಸಿಮೆಂಟ್ ತುಂಬುವುದೂ ಸರಿಯಲ್ಲ. ಮಳೆಗಾಲದ ತೇವಕ್ಕೆ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟ್ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಹೀಗಾಗಿ ಒಂದೆರಡು ವರ್ಷದಲ್ಲಿ ಪಕ್ಕದಲ್ಲೇ ಹೊಸ ಬಿರುಕು ಬಿಡಬಹುದು.

ಹೆಚ್ಚಿನ ಅಪಾಯ ಧೂಳಿನಲ್ಲಿದೆ

ಹಿಂದೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಎಷ್ಟೋ ಪೇಂಟ್‌ಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳಿರುತ್ತಿದ್ದವು. ಮನೆಬಳಕೆಯ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದು ಎಂಬ ಭಾರತದ ನಿಯಮ ರೂಪುಗೊಂಡದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದೆ ಬಣ್ಣ ಕಂಡ, ಅಥವಾ ನಡುವೆ ಯಾರೋ ಮತ್ತೆ ಪೇಂಟ್ ಹೊಡೆದ ಗೊಂಬೆಯಲ್ಲಿ ಸೀಸ ಇರಬಹುದು ಎಂದೇ ತಿಳಿದು ನಡೆಯುವುದು ಜಾಣತನ.

ಬಣ್ಣ ಗಟ್ಟಿಯಾಗಿ ಕೂತಿದ್ದು, ಗೊಂಬೆ ಗಾಜಿನ ಕಪಾಟಿನಲ್ಲಿದ್ದರೆ ಗಾಬರಿ ಬೇಡ. ಆದರೆ ಸ್ಯಾಂಡ್ ಪೇಪರ್ ಹಾಕಿದಾಗ ಅದೇ ಬಣ್ಣ ನುಣ್ಣನೆಯ ಧೂಳಾಗಿ ನೆಲ, ಹಾಸಿಗೆ, ಕೈಗಳ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಕೂಸು ಕೈ ಬಾಯಿಗಿಟ್ಟರೆ ಅದು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಇದು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟು ಸೀಸ ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಳೆ ಬಣ್ಣಕ್ಕೂ ಬೆಲೆ ಇದೆಯೇ?

ಇದೆ. ಅಮೆರಿಕದಲ್ಲಿ ಬೇಟೆಗಾರರು ನಿಜವಾದ ಬಾತುಗಳನ್ನು ಸೆಳೆಯಲು ಮರ ಮತ್ತು ಕಾರ್ಕಿನ ಬಾತುಗೊಂಬೆಗಳನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಈಗ ಅವನ್ನು ಸಂಗ್ರಹಿಸುವವರಿದ್ದಾರೆ. ಎಲ್ಮರ್ ಕ್ರೊವೆಲ್ ಎಂಬ ಕುಶಲಕರ್ಮಿ ಕೆತ್ತಿದ ಎರಡು ಗೊಂಬೆಗಳು 2007ರಲ್ಲಿ ತಲಾ 11.3 ಲಕ್ಷ ಡಾಲರಿಗೆ ಮಾರಾಟವಾದವು. ಅಲ್ಲಿ ಕೊಳ್ಳುವವರು ಮೊದಲು ನೋಡುವುದು ಮೂಲ ಬಣ್ಣ ಉಳಿದಿದೆಯೇ ಎಂಬುದನ್ನು. ಮೇಲೆ ಹೊಸ ಪೇಂಟ್ ಹೊಡೆದಿದ್ದರೆ ಬೆಲೆ ಬಿದ್ದುಹೋಗುತ್ತದೆ.

ನಮ್ಮ ಗೊಂಬೆಗೆ ಅಷ್ಟು ಹಣ ಬರುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಚಿತ್ರಗಾರ ಹುಬ್ಬನ್ನು ಎಳೆದ ರೀತಿ, ಸೀರೆಯ ಅಂಚಿಗೆ ಆರಿಸಿದ ಬಣ್ಣ ಇರುವುದು ಆ ತೆಳು ಪದರದಲ್ಲಿ ಮಾತ್ರ. ಒಮ್ಮೆ ಉಜ್ಜಿದರೆ ಅದು ಮರಳಿ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.
• ಬಣ್ಣ ಗಟ್ಟಿಯಾಗಿದ್ದರೆ ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಚಕ್ಕೆ ಏಳುತ್ತಿದ್ದರೆ ಬ್ರಷ್ ಕೂಡ ಬೇಡ.
• ಉದುರಿದ ಚೂರುಗಳನ್ನು ಎಸೆಯದೆ ಪೊಟ್ಟಣದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕೈ ತೊಳೆಯಿರಿ, ನೆಲವನ್ನು ಹಸಿ ಬಟ್ಟೆಯಿಂದ ಒರೆಸಿ.
• ಗೊಂಬೆಯ ಕೆಳಗೆ ಮರದ ಪುಡಿ ಬೀಳುತ್ತಿದ್ದರೆ ಹುಳು ಹತ್ತಿರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಮರದ ಸಾಮಾನಿನಿಂದ ದೂರವಿಡಿ.
• ಬಿಸಿಲು, ಒಲೆಯ ಹೊಗೆ, ತೇವದ ಗೋಡೆಯಿಂದ ದೂರ ಇಡಿ.
• ಮುರಿದ ಕೈಕಾಲು ಜೋಡಿಸಲು ಕಿನ್ನಾಳದ ಚಿತ್ರಗಾರರನ್ನು ಕೇಳಿ. ಉಳಿದ ಬಣ್ಣ ಮುಟ್ಟಬೇಡಿ ಎಂದು ಮೊದಲೇ ಹೇಳಿ. ತೀರ ಹಳೆಯದಾದರೆ ಬೆಂಗಳೂರಿನಲ್ಲಿ ಇನ್‌ಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರವಿದೆ.
• ಬಣ್ಣ ಉದುರುವ ಹಳೆ ಗೊಂಬೆಯನ್ನು ಮಗು ಕಚ್ಚಿ ಆಡುತ್ತಿದ್ದರೆ ವೈದ್ಯರಿಗೆ ತಿಳಿಸಿ. ರಕ್ತದಲ್ಲಿನ ಸೀಸವನ್ನು ಪರೀಕ್ಷೆಯಿಂದ ಕಂಡುಹಿಡಿಯಬಹುದು.

ಮಕ್ಕಳಿಗೆ ಆಡಲು ಹೊಸ ಗೊಂಬೆ ಕೊಡಿಸಿ, ಹಳೆಯದನ್ನು ನೋಡಲು ಇಡಿ. ಫಳಫಳ ಹೊಳೆಯುವ ವಿಡಿಯೊ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಮಾತು ಕೇಳಿ: ಈ ಬಣ್ಣ ಯಾವ ಕಾಲದ್ದು?