ಗೋಡೆ ಬೇಕು, ದೂರ ಬೇಡ

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಕಂಠಕ್ಕೆ ಹಿಂಡ್ಲೆಬಳ್ಳಿ ಸುತ್ತಿ ಪೂಜಿಸುವ ರೂಢಿ ಮಲೆನಾಡಿನ ಮನೆಗಳಲ್ಲಿ ಇನ್ನೂ ಇದೆ. ಪೂಜೆ ನಡೆಯುವುದು ಬಚ್ಚಲುಮನೆಯಲ್ಲೇ. ಇಂದಿನ ಫ್ಲ್ಯಾಟಿನ ಬಾತ್‌ರೂಮಿನಲ್ಲಿ, ಕಮೋಡಿನ ಪಕ್ಕ, ಇದನ್ನು ಮಾಡಲು ಯಾರಿಗೂ ಮನಸ್ಸು ಬಾರದು. ಎರಡು ಬೇರೆ ಜಾಗಗಳನ್ನು ಒಂದೇ ಬಾಗಿಲೊಳಗೆ ತಂದಿದ್ದೇವೆ. ಹೆಸರನ್ನು ಮಾತ್ರ ಸ್ನಾನದ್ದೇ ಉಳಿಸಿಕೊಂಡಿದ್ದೇವೆ. ಈ ಕೂಡಾವಳಿ ನಮಗೆ ಬೇಕಿತ್ತೆ?

ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳುವ ಮುನ್ನ ಹಿತ್ತಿಲ ಕಡೆಗೊಮ್ಮೆ ನೋಡಬೇಕು. 1898ರ ಪ್ಲೇಗಿನ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಕಿರುಗಲ್ಲಿಗಳಿವೆ. ಮಲ ಬಾಚುವವರು ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಬಿಟ್ಟ ದಾರಿ ಅದು. ಕಕ್ಕಸು ಹಿತ್ತಿಲ ಮೂಲೆ ಸೇರಿದ್ದಕ್ಕೆ ವಾಸನೆಯೊಂದೇ ಕಾರಣವಲ್ಲ. ಮಡಿ-ಮೈಲಿಗೆಯ ಲೆಕ್ಕವೂ ಇತ್ತು, ಜಾತಿಯೂ ಇತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ. ಕಕ್ಕಸು ಮನೆಯೊಳಗೆ ಬಂದದ್ದು ಈ ದೃಷ್ಟಿಯಿಂದ ದೊಡ್ಡ ಗೆಲುವು. ರಾತ್ರಿ ಹೊತ್ತು ಟಾರ್ಚು ಹಿಡಿದು ಹಿತ್ತಿಲಿಗೆ ಹೋಗಬೇಕಿದ್ದ ಹೆಂಗಸರನ್ನು, ಮುದುಕರನ್ನು ಕೇಳಿದರೆ ಇದರ ಬೆಲೆ ಗೊತ್ತಾಗುತ್ತದೆ.

ಒಳಗೆ ತರಲು ಸಾಧ್ಯವಾದದ್ದು ಒಂದು ಬಾಗಿದ ಕೊಳವೆಯಿಂದ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದ ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ, ಚರಂಡಿಯ ಗಾಳಿ ಮೇಲೆ ಬಾರದಂತೆ ತಡೆಯುತ್ತದೆ. ಆದರೆ ಮನೆಯೊಳಗೆ ತರುವುದು ಬೇರೆ, ಸ್ನಾನದ ಕೋಣೆಯೊಳಗೇ ತರುವುದು ಬೇರೆ. ಟಬ್ಬಿನಲ್ಲಿ ಕೂತು ಮೀಯುವವರ ಮನೆಯಲ್ಲಿ ನೆಲ ಒಣಗಿರುತ್ತದೆ. ನಾವು ಬಕೆಟ್ಟಿನಿಂದ ತಂಬಿಗೆ ತಂಬಿಗೆ ಸುರಿದುಕೊಳ್ಳುವವರು. ಒಬ್ಬರ ಸ್ನಾನ ಮುಗಿಯುವಷ್ಟರಲ್ಲಿ ನೆಲ, ಗೋಡೆ, ಕಮೋಡಿನ ಸೀಟು ಎಲ್ಲವೂ ತೊಯ್ದಿರುತ್ತವೆ. ಮುಂದೆ ಹೋಗುವವರಿಗೆ ಒದ್ದೆ ಸೀಟು, ಜಾರುವ ನೆಲ. ಬೆಳಗಿನ ಎಂಟು ಗಂಟೆಗೆ ಮಗಳು ತಲೆಸ್ನಾನಕ್ಕೆ ಚಿಲಕ ಹಾಕಿಕೊಂಡಳೆಂದರೆ, ಹೊರಗೆ ಹೊಟ್ಟೆ ಹಿಡಿದುಕೊಂಡ ಅಜ್ಜನ ಗತಿಯೇನು?

ಜಾಗವಿಲ್ಲ ಎಂಬುದು ಕಟ್ಟುವವರ ಸಿದ್ಧ ಉತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸ್ನಾನದ ಕೋಣೆಗೆ ಕನಿಷ್ಠ 1.8 ಚದರ ಮೀಟರ್, ಶೌಚದ ಕೋಣೆಗೆ 1.1, ಎರಡೂ ಕೂಡಿದ್ದರೆ 2.8. ಕೂಡಿಸಿದ್ದರಿಂದ ಉಳಿದದ್ದು ಸುಮಾರು ಒಂದು ಚದರಡಿ! ನಡುಗೋಡೆಯ ದಪ್ಪ, ಇನ್ನೊಂದು ಬಾಗಿಲು ಸೇರಿಸಿದರೂ ಲೆಕ್ಕ ಭಾರಿಯೇನಲ್ಲ. ಜಾಗದ ಬಡತನಕ್ಕೆ ಹೆಸರಾದ ಜಪಾನಿನ ನಗರಗಳಲ್ಲೇ ಎರಡೂ ಬೇರೆಯಿರುವ ಬಾಡಿಗೆ ಮನೆಗೆ ಬೇಡಿಕೆ. ಜಾಹೀರಾತುಗಳಲ್ಲಿ ಅದನ್ನು ಎದ್ದು ಕಾಣುವಂತೆ ಹಾಕುತ್ತಾರೆ.

ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಮಾತ್ರ ಕೂಡಿದ ಕೋಣೆಯೇ ಅನುಕೂಲ. ಕುರ್ಚಿ ತಿರುಗಲು ಜಾಗ ಬೇಕು, ಒಂದರಿಂದ ಇನ್ನೊಂದಕ್ಕೆ ದಾಟುವ ಕಷ್ಟವೂ ತಪ್ಪುತ್ತದೆ. ಅಂಥ ಮನೆಗಳಿಗೆ ಅಂಥ ಕೋಣೆಯೇ ಇರಲಿ. ಉಳಿದವರು ಮಲಗುವ ಕೋಣೆಗೊಂದು ಅಟ್ಯಾಚ್ಡ್ ಬೇಕೆಂದು ಹಟ ಹಿಡಿಯುವ ಬದಲು, ಒಂದಾದರೂ ಬಚ್ಚಲನ್ನು, ಒಂದಾದರೂ ಕಕ್ಕಸನ್ನು ಬೇರೆಬೇರೆ ಬಾಗಿಲಿಟ್ಟು ಕಟ್ಟಿಸಿಕೊಳ್ಳುವುದು ಲೇಸು. ಒಂದೇ ಬಾತ್‌ರೂಮಿನ ಸಣ್ಣ ಮನೆಗೆ ಈ ಗೋಡೆ ಹೆಚ್ಚು ಅಗತ್ಯ, ಏಕೆಂದರೆ ಬಾಗಿಲ ಮುಂದೆ ಕಾಯುವವರು ಅಲ್ಲೇ ಹೆಚ್ಚು. ಹಿಂದಿನವರು ಕಕ್ಕಸನ್ನು ದೂರವಿಟ್ಟದ್ದರಲ್ಲಿ ಅವಮಾನವಿತ್ತು. ನಾವು ನಡುವೆ ಎಬ್ಬಿಸುವ ನಾಲ್ಕೂವರೆ ಇಂಚಿನ ಗೋಡೆ ಯಾರನ್ನೂ ಹೊರಗಿಡುವುದಿಲ್ಲ. ಒಂದೇ ಹೊತ್ತಿಗೆ ಇಬ್ಬರ ತುರ್ತು ತೀರಿಸುತ್ತದೆ.