ಚಿತ್ರದಲ್ಲಿ ಎಲ್ಲರೂ ಇರಲಿ

ಓಣಂ ರಜೆಗೆ ಹೆಚ್ಚು ದಿನಗಳಿಲ್ಲ. ಕೊಲ್ಲಿ ನಾಡುಗಳಿಂದ, ಬೆಂಗಳೂರಿನಿಂದ ಮಕ್ಕಳು ಊರಿಗೆ ಬರುವ ಕಾಲ. ವೃತ್ತಿನಿರತ ಛಾಯಾಗ್ರಾಹಕರೊಬ್ಬರನ್ನು ಕರೆಸಿ ಮನೆಮಂದಿಯ ಚಿತ್ರವೊಂದನ್ನು ತೆಗೆಸಬೇಕೆಂಬ ಮಾತು ನಮ್ಮ ಕಾಸರಗೋಡಿನ ಮನೆಗಳಲ್ಲಿ ಏಳುವುದು ಈ ದಿನಗಳಲ್ಲಿಯೇ. ಅಂಥ ಮನೆಗಳವರಿಗಾಗಿ ಈ ವಾರದ ನಾಲ್ಕು ಮಾತು.

ನಮ್ಮ ಚಾವಡಿಯ ಗೋಡೆಯ ಮೇಲೆ ಗೃಹಪ್ರವೇಶದ ದಿನದ ಚಿತ್ರವೊಂದಿದೆ. ಅದರಲ್ಲಿ ಇಪ್ಪತ್ತಮೂರು ಜನ. ದೂರದ ನೆಂಟರಿದ್ದಾರೆ, ಮರಗೆಲಸದ ಆಚಾರಿಯಿದ್ದಾರೆ, ನೆರೆಮನೆಯ ಮಗುವಿದೆ, ಮೂಲೆಯಲ್ಲಿ ನಾಯಿಯೂ ಇದೆ, ಅಮ್ಮ ಇಲ್ಲ. ಆ ಹೊತ್ತಿನಲ್ಲಿ ಅವರು ಒಳಗೆ ಛಾಯಾಗ್ರಾಹಕರಿಗೆಂದೇ ಕಾಫಿ ಕಾಸುತ್ತಿದ್ದರು. ಯಾರೂ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಮುಂದೆ ಅವರ ಒಂದು ಚಿತ್ರ ಬೇಕಾಗಿ ಬಂದಾಗ ನಮಗೆ ದೊರೆತದ್ದು ಗುರುತಿನ ಚೀಟಿಯಲ್ಲಿದ್ದ, ಅವರೆಂದು ಹೇಳಿದರಷ್ಟೇ ತಿಳಿಯುವಂಥ ಮುಖ.

ಆದುದರಿಂದ ಸಿದ್ಧತೆಯೆಂದರೆ ನನಗೆ ಮೊದಲು ನೆನಪಾಗುವುದು ಅಡುಗೆಮನೆ. ಆ ದಿನದ ಉಪಾಹಾರ ಹೊರಗಿನಿಂದ ಬರಲಿ. ಕಾಫಿ ಚಿತ್ರ ಮುಗಿದ ಮೇಲಾಗಲಿ. ಇರಬೇಕಾದವರೆಲ್ಲರ ಹೆಸರನ್ನು ಹಿಂದಿನ ರಾತ್ರಿಯೇ ಹಾಳೆಯೊಂದರಲ್ಲಿ ಬರೆದು, ಒಬ್ಬೊಬ್ಬರನ್ನೂ ಕೂಗಿ ಕರೆಯುವ ಕೆಲಸವನ್ನು ಗಟ್ಟಿ ದನಿಯ ಮಗುವೊಂದಕ್ಕೆ ವಹಿಸಿ. ಯಾರು ಮನೆಯವರು, ಯಾರು ನೆಂಟರು ಎಂಬುದು ಛಾಯಾಗ್ರಾಹಕರಿಗೆ ತಿಳಿಯುವ ಬಗೆಯಿಲ್ಲ.

ಹೊತ್ತಿನ ವಿಚಾರದಲ್ಲಿ ಅವರ ಮಾತಿಗೆ ಮನ್ನಣೆ ಕೊಡಿ. ಬೆಳಗ್ಗೆ ಒಂಬತ್ತರೊಳಗೆ, ಇಲ್ಲವೆ ಸಂಜೆ ನಾಲ್ಕೂವರೆಯ ಬಳಿಕ ಬಿಸಿಲು ಓರೆಯಾಗಿ ಬಿದ್ದು ಮುಖಗಳು ತಿಳಿಯಾಗಿ ಮೂಡುತ್ತವೆ. ನಡುಹಗಲಿನ ಬಿಸಿಲು ಕಣ್ಣಿನ ಗುಳಿಗಳಲ್ಲಿ ಕರಿನೆರಳು ತುಂಬುತ್ತದೆ. ಮೋಡ ಕವಿದರೆ ಬೇಸರ ಬೇಡ. ಮುಖಕ್ಕೆ ಅಷ್ಟು ಹದವಾದ ಬೆಳಕು ಬೇರೆಯಿಲ್ಲ. ಮಳೆ ಹನಿದೀತೆಂದು ಅಂಗಳದ ನೀಲಿ ಟಾರ್ಪಾಲಿನಡಿಯಲ್ಲಿ ಮಾತ್ರ ನಿಲ್ಲಬೇಡಿ. ಅದರ ಬಣ್ಣ ಸೋಸಿ ಇಳಿದು ಎಲ್ಲರೂ ಯಕ್ಷಗಾನದ ಕೃಷ್ಣನಂತಾಗುತ್ತೀರಿ. ಜಗಲಿಯಲ್ಲಿ ಹೊರಮುಖವಾಗಿ ನಿಂತರೆ ಸಾಕು.

ಬಟ್ಟೆಯ ಮಾತು ಚುಟುಕಾಗಿ: ಸಣ್ಣ ಗೆರೆ, ಒತ್ತೊತ್ತಾದ ಚೌಕುಳಿ ಬೇಡ, ಕ್ಯಾಮರಾದಲ್ಲಿ ಅವು ಅಲೆಯಲೆಯಾಗಿ ಕಾಣುತ್ತವೆ. ಎಲ್ಲರೂ ಒಂದೇ ಬಣ್ಣ ತೊಡುವ ಹೊಸ ರೂಢಿ ನನಗೆ ಹಿಡಿಸದು. ಮಕ್ಕಳಿಗೆ ಶಾಲೆಯ ಸಮವಸ್ತ್ರ ಸಾಲದೆ? ನಿತ್ಯ ಕನ್ನಡಕ ಧರಿಸುವ ಅಜ್ಜ ಅದನ್ನು ಧರಿಸಿಯೇ ಇರಲಿ. ಗಾಜು ಹೊಳೆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಬಳಿ ಕೊಂಚ ಎತ್ತಿದರಾಯಿತು. ಹಿರಿಯರ ಚಿತ್ರವನ್ನು ಮೊದಲು ತೆಗೆಸಿ. ಅರ್ಧ ಗಂಟೆ ಕಾದು ದಣಿದ ಅಜ್ಜಿಯ ಮುಖದಲ್ಲಿ ದಣಿವೇ ಕಾಣುತ್ತದೆ. ಎಳೆಯ ಮಗುವಿನ ನಿದ್ದೆ, ಹಾಲು ಮುಗಿದಿರಲಿ. ನಗು ಎಂದು ಯಾರನ್ನೂ ಗದರಬೇಡಿ.

ಚಿತ್ರಗಳು ಮೊಬೈಲಿನಲ್ಲಿ ಬಂದರೆ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ವಾಟ್ಸಾಪ್‌ನಲ್ಲಿ ಸಾಗುವಾಗ ಚಿತ್ರ ಕುಗ್ಗುತ್ತದೆ, ದೊಡ್ಡದಾಗಿ ಮುದ್ರಿಸಿದರೆ ಮಸಕು. ಮೂಲ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ಈ ಮಾತನ್ನು ಹಣ ನಿಗದಿಮಾಡುವಾಗಲೇ ಆಡಿ. ಒಂದನ್ನಾದರೂ ಕಾಗದದ ಮೇಲೆ ಮುದ್ರಿಸಿ, ಬಿಸಿಲು ತಾಗದ ಗೋಡೆಗೆ ಹಾಕಿ.

ಕಟ್ಟು ಹಾಕಿಸುವ ಮೊದಲು ಅದರ ಬೆನ್ನಿನಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು, ದಿನಾಂಕ ಇರಲಿ. ಮೆದು ಪೆನ್ಸಿಲಿನಲ್ಲಿ, ಒತ್ತದೆ ಬರೆಯಬೇಕು. ಶಾಯಿ ಕಾಲಾಂತರದಲ್ಲಿ ಮುಂಬದಿಗೆ ಹಾಯುವುದುಂಟು. ಮನೆಯಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವಿನ ಕೈಯಿಂದಲೇ ಬರೆಸಿ. ಬರೆಯುವ ಮುನ್ನ ಅಜ್ಜಿಯ ಬಳಿ ಕುಳಿತು ಕೇಳಿಕೊಳ್ಳಲಿ. ಪಡಿತರ ಚೀಟಿಯಲ್ಲಿರುವ ಹೆಸರೇ ಬೇರೆ, ತವರಿನಲ್ಲಿ ತನ್ನನ್ನು ಕರೆಯುತ್ತಿದ್ದ ಹೆಸರೇ ಬೇರೆ ಎಂದು ಆಕೆ ಹೇಳಿದರೆ ಎರಡನ್ನೂ ಬರೆಯಲಿ.